ಬಣ್ಣ ಬಿಟ್ಟು ಜಾಗ ನೋಡಿ: ರೆಕ್ಕೆಯ ಗುರುತಿನಿಂದ ಚಿಟ್ಟೆಯ ಜಾತಿ ಪತ್ತೆ ಮಾಡುವ ಬಗೆ

ಕಪ್ಪು ರೆಕ್ಕೆ, ಅದರ ಮೇಲೆ ಕೆಂಪು ಬಿಳಿ ಚುಕ್ಕೆ, ಹಿಂದೆ ಎರಡು ಬಾಲ. ಇಷ್ಟು ಹೇಳಿ ಇದು ಯಾವ ಚಿಟ್ಟೆ ಎಂದು ಕೇಳಿದರೆ, ದಕ್ಷಿಣ ಭಾರತದಲ್ಲಿ ಕನಿಷ್ಠ ಮೂರು ಉತ್ತರ ಸಾಧ್ಯ: ಕಾಮನ್ ರೋಸ್, ಕ್ರಿಮ್ಸನ್ ರೋಸ್, ಇಲ್ಲವೇ ಕಾಮನ್ ಮಾರ್ಮನ್‌ನ ಹೆಣ್ಣು. ಮೊದಲೆರಡರ ಮೈಯಲ್ಲಿ ವಿಷವಿದೆ, ಹಕ್ಕಿಗಳು ದೂರ ಉಳಿಯುತ್ತವೆ. ಮೂರನೆಯದಕ್ಕೆ ವಿಷವಿಲ್ಲ, ವೇಷ ಮಾತ್ರ. ಉಷ್ಣವಲಯದ ಚಿಟ್ಟೆಗಳಲ್ಲಿ ಇಂಥ ಅನುಕರಣೆ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಅನುಕರಣೆಯಲ್ಲಿ ಚೆನ್ನಾಗಿ ನಕಲಾಗುವುದು ದೂರಕ್ಕೆ ಕಾಣುವ ಬಣ್ಣ. ಗುರುತು ಕೂತಿರುವ ನಿಖರ ಜಾಗ, ಚುಕ್ಕೆಗಳ ಎಣಿಕೆ, ಮೈಯ ಬಣ್ಣ, ಕಾಲುಗಳ ಸಂಖ್ಯೆ ಅಷ್ಟು ಸುಲಭಕ್ಕೆ ನಕಲಾಗುವುದಿಲ್ಲ. ಆದ್ದರಿಂದ ಬಣ್ಣವನ್ನು ಕೊನೆಗಿಟ್ಟು ಜಾಗದಿಂದ ಶುರು ಮಾಡುವುದೇ ಈ ಕೆಲಸದ ಕ್ರಮ.

ಮೊದಲು ರೆಕ್ಕೆಯ ನಕ್ಷೆ

ಚಿಟ್ಟೆಗೆ ನಾಲ್ಕು ರೆಕ್ಕೆ. ಮುಂದಿನ ಜೋಡಿ, ಹಿಂದಿನ ಜೋಡಿ. ಪ್ರತಿ ರೆಕ್ಕೆಗೂ ಮೇಲ್ಭಾಗ, ಅಡಿಭಾಗ ಎಂದು ಎರಡು ಮುಖ. ಬಿಚ್ಚಿ ಕೂತಾಗ ಕಾಣುವುದು ಮೇಲ್ಭಾಗ, ಬೆನ್ನ ಮೇಲೆ ಮಡಚಿ ಕೂತಾಗ ಕಾಣುವುದು ಅಡಿಭಾಗ. ಎರಡರ ವಿನ್ಯಾಸ ಒಂದೇ ಆಗಿರಬೇಕೆಂದಿಲ್ಲ. ಎಷ್ಟೋ ಜಾತಿಗಳಲ್ಲಿ ಸಂಬಂಧವೇ ಇಲ್ಲವೇನೋ ಎನ್ನುವಷ್ಟು ಬೇರೆ. ಹೀಗಾಗಿ "ರೆಕ್ಕೆಯಲ್ಲಿ ಮೂರು ಚುಕ್ಕೆ" ಎಂಬ ಟಿಪ್ಪಣಿಗೆ ಬೆಲೆಯಿಲ್ಲ. "ಹಿಂದಿನ ರೆಕ್ಕೆ, ಅಡಿಭಾಗ, ನಡುವೆ ಮೂರು ಚುಕ್ಕೆ" ಎಂದಿದ್ದರೆ ಅದರಿಂದ ಕೆಲಸವಾಗುತ್ತದೆ.

ರೆಕ್ಕೆ ಮೈಗೆ ಸೇರುವ ಜಾಗ ಬುಡ. ಹಾರುವಾಗ ಗಾಳಿಗೆ ಎದುರಾಗುವ ಅಂಚು ಮುಂಅಂಚು. ಬುಡದಿಂದ ದೂರ ಇರುವುದು ಹೊರಅಂಚು, ಮೈಯ ಪಕ್ಕಕ್ಕೆ ಬರುವುದು ಒಳಅಂಚು. ಮುಂಅಂಚು ಹೊರಅಂಚಿಗೆ ಸೇರುವ ಮೂಲೆ ರೆಕ್ಕೆಯ ತುದಿ, ಹೊರಅಂಚು ಒಳಅಂಚಿಗೆ ಸೇರುವುದು ಕೆಳಮೂಲೆ. ಈ ಆರು ಹೆಸರು ಬಾಯಿಗೆ ಬಂದರೆ ಅರ್ಧ ಕೆಲಸ ಮುಗಿದಂತೆ.

ಇನ್ನರ್ಧ ಸೆಲ್ ಎಂಬ ಭಾಗದ್ದು. ಬುಡದಿಂದ ಹೊರಟ ನರಗಳ ನಡುವೆ, ಹೆಚ್ಚುಕಡಿಮೆ ರೆಕ್ಕೆಯ ಮಧ್ಯದವರೆಗೆ ಚಾಚಿದ ಉದ್ದನೆಯ ಜಾಗವೊಂದಿದೆ. ಅದೇ ಸೆಲ್. ಅದರ ತುದಿ ಮತ್ತು ಕೆಳಬದಿಯಿಂದ ಕವಲೊಡೆದ ನರಗಳು ಹೊರಅಂಚಿನವರೆಗೆ ಹೋಗುತ್ತವೆ. ಒಂದು ಚುಕ್ಕೆ ಸೆಲ್‌ನ ಒಳಗಿದೆಯೇ, ಸೆಲ್ ಮುಗಿಯುವಲ್ಲಿದೆಯೇ, ಅದನ್ನು ದಾಟಿ ಹೊರಗಿದೆಯೇ ಎಂಬ ಪ್ರಶ್ನೆ ಮುಂದೆ ಮತ್ತೆ ಮತ್ತೆ ಬರುತ್ತದೆ. ಸೆಲ್‌ನ ಆಚೆಗೆ ಹೊರಅಂಚಿನತ್ತ ಹೋದಂತೆ ಮೊದಲು ನಡುಪಟ್ಟಿ, ಆಮೇಲೆ ಅಂಚಿನ ಒಳಸಾಲು, ಕೊನೆಗೆ ಅಂಚು ಎಂದು ವಿಭಾಗಿಸಿಕೊಂಡರೆ ಸಾಕು.

ನರಗಳ ನಡುವಣ ಜಾಗಗಳಿಗೆ ಸಂಖ್ಯೆ ಕೊಡುವ ಹಳೆಯ ಪದ್ಧತಿ ಈಗಲೂ ಬಳಕೆಯಲ್ಲಿದೆ, ಕಲಿಯುವುದಕ್ಕೂ ಕಷ್ಟವಿಲ್ಲ. ಒಳಅಂಚಿನ ಕಡೆಯಿಂದ 1, 2, 3 ಎಂದು ನರ ಎಣಿಸುತ್ತಾ ಮುಂಅಂಚಿನತ್ತ ಬರಬೇಕು. ಮುಂದಿನ ರೆಕ್ಕೆಯಲ್ಲಿ ಎಣಿಕೆ ಸಾಮಾನ್ಯವಾಗಿ 12ಕ್ಕೆ ಮುಗಿಯುತ್ತದೆ, ಹಿಂದಿನದರಲ್ಲಿ 8ಕ್ಕೆ. ಎರಡು ನರಗಳ ನಡುವಿನ ಜಾಗಕ್ಕೆ ಕೆಳಗಿನ ನರದ ಸಂಖ್ಯೆಯೇ ಹೆಸರು: 2ನೇ ಮತ್ತು 3ನೇ ನರದ ನಡುವೆ ಇರುವುದು 2ನೇ ಜಾಗ. ಬಾಲವಿರುವ ಸ್ವಾಲೋಟೇಲ್ ಚಿಟ್ಟೆಗಳಲ್ಲಿ ಇನ್ನೂ ಸುಲಭ. ಬಾಲ ಬೆಳೆಯುವುದು ಹಿಂದಿನ ರೆಕ್ಕೆಯ 4ನೇ ನರದ ತುದಿಯಲ್ಲಿ. ಬಾಲ ಹಿಡಿದು ಮೇಲಕ್ಕೂ ಕೆಳಕ್ಕೂ ಎಣಿಸಿದರೆ ದಾರಿ ತಪ್ಪುವುದಿಲ್ಲ.

ಜಾತಿಗೆ ಮುನ್ನ ಕುಟುಂಬ

ಗುರುತು ಹೋಲಿಸುವ ಮೊದಲು ಚಿಟ್ಟೆ ಯಾವ ಕುಟುಂಬಕ್ಕೆ ಸೇರಿದ್ದು ಎಂದು ತೀರ್ಮಾನಿಸಿ. ಇದನ್ನು ಬಿಟ್ಟು ನೇರ ಚಿತ್ರಗಳ ಪುಟ ತಿರುವುವವರೇ ಹೆಚ್ಚು ಮೋಸಹೋಗುವುದು. ಸುಲಭದ ಪರೀಕ್ಷೆ ಕಾಲು ಎಣಿಸುವುದು. ಸ್ವಾಲೋಟೇಲ್‌ಗಳು ಮತ್ತು ಬಿಳಿ ಹಳದಿ ಚಿಟ್ಟೆಗಳ ಕುಟುಂಬದವು ಆರೂ ಕಾಲೂರಿ ನಿಲ್ಲುತ್ತವೆ. ಟೈಗರ್, ಕ್ರೋ, ಪ್ಯಾನ್ಸಿ, ಎಗ್‌ಫ್ಲೈ, ಬ್ರೌನ್ ಮುಂತಾದವು ಸೇರಿದ ನಿಂಫಾಲಿಡೇ ಕುಟುಂಬದಲ್ಲಿ ಮುಂಗಾಲುಗಳು ಕುಗ್ಗಿ ಎದೆಗೆ ಅಂಟಿಕೊಂಡಿರುತ್ತವೆ, ನಾಲ್ಕೇ ಕಾಲು ಕಾಣುತ್ತವೆ. ಸಣ್ಣ ಗಾತ್ರ, ನೂಲಿನಂಥ ಬಾಲ, ಹಿಂದಿನ ರೆಕ್ಕೆಯ ಕೆಳಮೂಲೆಯಲ್ಲಿ ಕಣ್ಣಿನಂಥ ಬೊಟ್ಟು ಇದ್ದರೆ ಅದು ಬಹುಪಾಲು ಬ್ಲೂಸ್ ಕುಟುಂಬದ್ದು. ಅಗಲ ತಲೆ, ದಪ್ಪ ಎದೆ, ಕೊಕ್ಕೆಯಂತೆ ಬಾಗಿದ ಮೀಸೆ ಇದ್ದರೆ ಸ್ಕಿಪ್ಪರ್.

ಕಾಲಿನ ಎಣಿಕೆ ಎಷ್ಟು ಉಪಯುಕ್ತ ಎನ್ನುವುದಕ್ಕೆ ಕಾಮನ್ ಮೈಮ್ ಒಳ್ಳೆಯ ಸಾಕ್ಷಿ. ಅದಕ್ಕೆ ಎರಡು ರೂಪ. ಒಂದು ಕಂದು ಬಣ್ಣದ ಕ್ರೋ ಚಿಟ್ಟೆಯಂತೆ, ಇನ್ನೊಂದು ಬ್ಲೂ ಟೈಗರ್‌ನಂತೆ. ಆದರೆ ಮೈಮ್ ಸ್ವಾಲೋಟೇಲ್ ಕುಟುಂಬದ್ದು. ಬಾಲವಿಲ್ಲ, ಆದರೆ ಆರು ಕಾಲಿದೆ. ಅಡಿಭಾಗದಲ್ಲಿ ಹಿಂದಿನ ರೆಕ್ಕೆಯ ಅಂಚಿಗುಂಟ ಹಳದಿ ಬೊಟ್ಟುಗಳ ಸಾಲೂ ಇದೆ. ನಿಜವಾದ ಬ್ಲೂ ಟೈಗರ್‌ನಲ್ಲಿ ಹಳದಿ ಇಲ್ಲ, ಕಾಲು ನಾಲ್ಕೇ. ಕುಟುಂಬ ಸರಿಹೋದರೆ ಇಂಥ ವೇಷ ಅಲ್ಲಿಗೇ ಬಿದ್ದುಹೋಗುತ್ತದೆ.

ಕಪ್ಪು ಚಿಟ್ಟೆ, ಕೆಂಪು ಗುರುತು: ಹೆಜ್ಜೆಹೆಜ್ಜೆಯಾಗಿ

ಆರಂಭದಲ್ಲಿ ಹೇಳಿದ ಮೂವರಿಗೇ ಬರೋಣ. ಮೂರೂ ಸ್ವಾಲೋಟೇಲ್‌ಗಳೇ, ಮೂರಕ್ಕೂ ಬಾಲವಿದೆ, ರೆಕ್ಕೆ ಬಿಚ್ಚಿದಾಗಿನ ಅಗಲ ಮೂರರದೂ ಸುಮಾರು 80ರಿಂದ 110 ಮಿಲಿಮೀಟರ್ ಒಳಗೆ. ಕಾಲಾಗಲಿ ಗಾತ್ರವಾಗಲಿ ಇಲ್ಲಿ ನೆರವಿಗೆ ಬಾರದು.

ಮೊದಲ ಹೆಜ್ಜೆ: ಬಿಳಿ ಬಣ್ಣ ಯಾವ ರೆಕ್ಕೆಯಲ್ಲಿದೆ? ಹಿಂದಿನ ರೆಕ್ಕೆಯ ನಡುವೆ, ಸೆಲ್‌ನ ತುದಿಯ ಆಸುಪಾಸಿನಲ್ಲಿ ನರಗಳಿಂದ ಸೀಳಿದ ಬಿಳಿ ಮಚ್ಚೆ, ಅದರ ಆಚೆ ಅಂಚಿನ ಒಳಸಾಲಿನಲ್ಲಿ ಕೆಂಪು ಅರ್ಧಚಂದ್ರಗಳು ಇದ್ದರೆ ಅದು ಕಾಮನ್ ರೋಸ್ ಅಥವಾ ಅದನ್ನು ಅನುಕರಿಸುವ ಮಾರ್ಮನ್ ಹೆಣ್ಣು. ಆ ಹೆಣ್ಣಿನ ರೂಪಕ್ಕೆ ಸ್ಟಿಕಿಯಸ್ ಎಂದು ಹೆಸರು. ಹಿಂದಿನ ರೆಕ್ಕೆಯಲ್ಲಿ ಬಿಳಿ ಇಲ್ಲ, ಕೆಂಪು ಬೊಟ್ಟುಗಳು ಎರಡು ಸಾಲಾಗಿವೆ, ಬಿಳಿಯೆಲ್ಲ ಮುಂದಿನ ರೆಕ್ಕೆಯ ಅಡ್ಡಪಟ್ಟೆಗಳಲ್ಲಿದೆ ಎಂದಾದರೆ ಕ್ರಿಮ್ಸನ್ ರೋಸ್ ಅಥವಾ ಅದರ ನಕಲು, ಅಂದರೆ ಮಾರ್ಮನ್ ಹೆಣ್ಣಿನ ರೋಮ್ಯುಲಸ್ ರೂಪ.

ಎರಡನೇ ಹೆಜ್ಜೆ: ರೆಕ್ಕೆ ಬಿಟ್ಟು ಮೈ ನೋಡಿ. ಇದು ನಿರ್ಣಾಯಕ ಹೆಜ್ಜೆ. ಎರಡೂ ರೋಸ್‌ಗಳ ತಲೆ, ಎದೆಯ ಪಕ್ಕ, ಹೊಟ್ಟೆಯ ತುದಿಭಾಗ ಕೆಂಪು. ಮಾರ್ಮನ್‌ನ ಮೈ ಕಪ್ಪು, ಅಲ್ಲಲ್ಲಿ ಬಿಳಿ ಚುಕ್ಕೆ, ಕೆಂಪಿನ ಸುಳಿವೇ ಇಲ್ಲ. ರೆಕ್ಕೆಯ ಮೇಲೆ ಅಷ್ಟೆಲ್ಲ ನಕಲು ಮಾಡಿದ ಮಾರ್ಮನ್ ಮೈಯನ್ನು ಮಾತ್ರ ಹಾಗೆಯೇ ಬಿಟ್ಟಿದೆ.

ಇಲ್ಲಿ ಎಡವುವ ಜಾಗ ಎರಡು. ಚಿಟ್ಟೆಯನ್ನು ನೇರ ಮೇಲಿನಿಂದ ನೋಡಿದಾಗ ರೋಸ್‌ನ ಎದೆಯ ಬೆನ್ನು ಕಪ್ಪಾಗಿಯೇ ಕಾಣುತ್ತದೆ. ಅದನ್ನೇ ನಂಬಿ ಮಾರ್ಮನ್ ಎಂದುಬಿಡುತ್ತಾರೆ. ಮೇಲಿನಿಂದಲೇ ನೋಡಬೇಕಾಗಿ ಬಂದರೆ ತಲೆಯ ಹಿಂಭಾಗ ಮತ್ತು ಹೊಟ್ಟೆಯ ತುದಿ ಎರಡನ್ನೂ ಹುಡುಕಿ. ಪಕ್ಕದಿಂದ ಕಂಡರೆ ಅನುಮಾನಕ್ಕೆ ಎಡೆಯೇ ಇಲ್ಲ. ಇನ್ನೊಂದು, ಬೆಳಕು ಕಡಿಮೆ ಬಿದ್ದ ಚಿತ್ರ. ಕಡುಗೆಂಪು ನೆರಳಿನಲ್ಲಿ ಕಪ್ಪಿಗೆ ಸೇರಿಹೋಗುತ್ತದೆ. ಚಿತ್ರದ ನೆರಳುಭಾಗವನ್ನು ಬೆಳಗಿಸಿ ಮತ್ತೊಮ್ಮೆ ನೋಡದೆ "ಮೈ ಕಪ್ಪು" ಎಂದು ಬರೆಯಬೇಡಿ.

ಮೂರನೇ ಹೆಜ್ಜೆ: ಮೈ ಕಾಣಲೇ ಇಲ್ಲವೆಂದರೆ ಗುರುತಿನ ಗಡಿ ಗಮನಿಸಿ. ಕ್ರಿಮ್ಸನ್ ರೋಸ್‌ನ ಮುಂದಿನ ರೆಕ್ಕೆಯ ಎರಡು ಬಿಳಿ ಪಟ್ಟೆಗಳು ಗಾಢ ಕಪ್ಪಿನ ಮೇಲೆ ಸ್ಪಷ್ಟವಾಗಿ ನಿಂತಿರುತ್ತವೆ. ರೋಮ್ಯುಲಸ್‌ನಲ್ಲಿ ಅದೇ ಪಟ್ಟೆ ಮಸುಕು, ಅಂಚು ಹರಡಿದಂತೆ, ಕೆಂಪೂ ಮಂಕು. ಇದು ಪೋಷಕ ಸಾಕ್ಷಿ ಮಾತ್ರ. ಹಳೆಯದಾದ ಕ್ರಿಮ್ಸನ್ ರೋಸ್‌ನ ರೆಕ್ಕೆಯೂ ಮಸುಕಾಗುತ್ತದೆ, ಅದರ ಹೆಣ್ಣಿನ ಕೆಂಪು ಹೇಗೂ ಗಂಡಿನಷ್ಟು ಉಜ್ವಲವಲ್ಲ. ಗುರುತಿನ ಗಡಿಯೊಂದನ್ನೇ ನಂಬಿ ತೀರ್ಪು ಕೊಡುವುದು ಬೇಡ.

ನಾಲ್ಕನೆಯದು ನಡತೆ. ರೋಸ್‌ಗಳು ಅವಸರವಿಲ್ಲದೆ ತೇಲುತ್ತಾ ಹಾರುತ್ತವೆ. ಮಾರ್ಮನ್ ಹೆಣ್ಣು ನೆಮ್ಮದಿಯಿಂದಿದ್ದಾಗ ಅದೇ ನಿಧಾನದಲ್ಲಿ ಹಾರುತ್ತದಾದರೂ ಬೆದರಿದರೆ ಚಾಳಿ ಬದಲಿಸಿ ಚುರುಕಾಗಿ ಓಡುತ್ತದೆ. ಮೊಟ್ಟೆ ಇಡುವಾಗ ಸಿಕ್ಕರಂತೂ ಗಿಡವೇ ಹೇಳಿಬಿಡುತ್ತದೆ: ಮಾರ್ಮನ್‌ಗೆ ನಿಂಬೆ, ಕರಿಬೇವಿನ ಜಾತಿಯ ಗಿಡ, ರೋಸ್‌ಗಳಿಗೆ ಈಶ್ವರಿ ಬಳ್ಳಿ ಮತ್ತು ಅದರ ಬಳಗ. ರೋಸ್‌ಗಳ ವಿಷ ಬರುವುದೂ ಆ ಬಳ್ಳಿಯಿಂದಲೇ.

ಮಾರ್ಮನ್‌ನಲ್ಲಿ ಮೂರನೆಯ ಹೆಣ್ಣು ರೂಪವೂ ಇದೆ, ಸೈರಸ್. ಅದು ಗಂಡಿನಂತೆಯೇ: ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಯಲ್ಲಿ ಸೆಲ್‌ನ ಹೊರಗೆ ಅಡ್ಡಕ್ಕೆ ಒಂದು ಸಾಲು ಬಿಳಿ ಬೊಟ್ಟು, ಮುಂದಿನ ರೆಕ್ಕೆಯ ಹೊರಅಂಚಿನಲ್ಲಿ ತುದಿಯತ್ತ ಹೋದಂತೆ ಸಣ್ಣದಾಗುವ ಬಿಳಿ ಚುಕ್ಕೆಗಳು. ಗಂಡಿಗಿಂತ ಸೈರಸ್‌ನ ಕೆಂಪು ಅರ್ಧಚಂದ್ರಗಳು ಎದ್ದು ಕಾಣುತ್ತವೆ. ಒಂದೇ ಜಾತಿಯ ಹೆಣ್ಣುಗಳಿಗೆ ಮೂರು ಮುಖವಿರುವುದರಿಂದಲೇ ಹಿಂದಿನವರು ಇವನ್ನು ಬೇರೆ ಬೇರೆ ಜಾತಿಗಳೆಂದು ಹೆಸರಿಸಿದ್ದರು. ಈ ವೇಷ ಬದಲಾವಣೆಯ ಹಿಂದಿರುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಎಂದು ತಿಳಿದದ್ದು 2014ರಲ್ಲಿ. ಗಂಡುಗಳಲ್ಲಿ ಅದೇ ಜೀನ್ ಇದ್ದರೂ ವೇಷ ಬರುವುದಿಲ್ಲ. ಗುರುತಿಸುವವರಿಗೆ ಇದರಿಂದ ಒಂದು ಅನುಕೂಲವಿದೆ: ರೋಸ್‌ನಂತೆ ಕಾಣುವ ಮಾರ್ಮನ್ ಎಂದು ಖಚಿತವಾದರೆ ಅದು ಹೆಣ್ಣೇ.

ಪಶ್ಚಿಮ ಘಟ್ಟದಲ್ಲಿ ನೋಡುವವರಿಗೆ ಒಂದು ಮಾತು. ಅಲ್ಲಿ ಮಾತ್ರ ಇರುವ ಮಲಬಾರ್ ರೋಸ್‌ನದೂ ಕೆಂಪು ಮೈಯೇ, ಹಿಂದಿನ ರೆಕ್ಕೆಯಲ್ಲಿ ಬಿಳಿಯೂ ಇದೆ. ಬಿಳಿ ಮಚ್ಚೆ ಸೆಲ್‌ನೊಳಗೆ ಬಹುಪಾಲು ಆವರಿಸಿ ದೊಡ್ಡದಾಗಿ ಕಂಡರೆ ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ಆದರೆ ಕಾಮನ್ ರೋಸ್‌ನ ಬಿಳಿಯೂ ಒಂದರಿಂದ ಒಂದಕ್ಕೆ ಹೆಚ್ಚುಕಡಿಮೆಯಾಗುತ್ತದೆ. ನಡುವಣ ಗಾತ್ರದ ಮಚ್ಚೆ ಕಂಡಾಗ ಎರಡರಲ್ಲಿ ಒಂದು ಎಂದು ಬರೆದು ಬಿಡುವುದೇ ಲೇಸು.

ಕಿತ್ತಳೆ ರೆಕ್ಕೆ, ಕಪ್ಪು ತುದಿ: ಚುಕ್ಕೆ ಎಣಿಸುವ ಕೆಲಸ

ಪ್ಲೇನ್ ಟೈಗರ್ ಆಫ್ರಿಕಾದಿಂದ ಏಷ್ಯಾದುದ್ದಕ್ಕೂ ಹರಡಿದ ಚಿಟ್ಟೆ. ಕಿತ್ತಳೆ ರೆಕ್ಕೆ, ಮುಂದಿನ ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನೊಳಗೆ ಓರೆಯಾದ ಬಿಳಿ ಪಟ್ಟೆ. ಡಾನೈಡ್ ಎಗ್‌ಫ್ಲೈನ ಹೆಣ್ಣು ಇದನ್ನು ಚಾಚೂತಪ್ಪದೆ ಅನುಕರಿಸುತ್ತದೆ. ಎರಡೂ ನಿಂಫಾಲಿಡೇ ಕುಟುಂಬದವು, ಎರಡಕ್ಕೂ ಕಾಣುವುದು ನಾಲ್ಕೇ ಕಾಲು. ಹಾಗಾಗಿ ಹಿಂದಿನ ರೆಕ್ಕೆಗೇ ಹೋಗಬೇಕು.

ಪ್ಲೇನ್ ಟೈಗರ್‌ನ ಹಿಂದಿನ ರೆಕ್ಕೆಯ ನಡುವೆ, ಸೆಲ್ ಮುಗಿಯುವಲ್ಲಿ, ಮೂರು ಕಪ್ಪು ಚುಕ್ಕೆ. ಗಂಡಾದರೆ ಅವುಗಳ ಕೆಳಗೆ ನಾಲ್ಕನೆಯದೊಂದು: ಅದು ಹೆಣ್ಣನ್ನು ಸೆಳೆಯುವ ವಾಸನೆ ಸೂಸುವ ಗಂಧದ ಚೀಲ. ಅಡಿಭಾಗದಿಂದ ನೋಡಿದರೆ ಅದು ಸ್ವಲ್ಪ ಉಬ್ಬಿ, ಕಪ್ಪು ಸುತ್ತಿನೊಳಗೆ ಬಿಳಿ ನಡುವಿರುವಂತೆ ಕಾಣುತ್ತದೆ. ಮೂರಿದ್ದರೆ ಹೆಣ್ಣು, ನಾಲ್ಕಿದ್ದರೆ ಗಂಡು. ಎಗ್‌ಫ್ಲೈ ಹೆಣ್ಣಿನ ಹಿಂದಿನ ರೆಕ್ಕೆಯಲ್ಲಿ ಒಂದೇ ಕಪ್ಪು ಚುಕ್ಕೆ, ಅದೂ ನಡುವೆ ಅಲ್ಲ, ಮುಂಅಂಚಿನ ಬಳಿ.

ಕೇಳಲು ಸರಳ, ಆದರೆ ಚಿಟ್ಟೆ ಕೂತ ಭಂಗಿ ಇಲ್ಲಿ ಲೆಕ್ಕ ತಪ್ಪಿಸುತ್ತದೆ. ರೆಕ್ಕೆ ಬಿಚ್ಚಿ ಕೂತಾಗ ಮುಂದಿನ ರೆಕ್ಕೆಯನ್ನು ಹಿಂದಕ್ಕೆ ಎಳೆದುಕೊಂಡಿದ್ದರೆ ಅದು ಹಿಂದಿನ ರೆಕ್ಕೆಯ ಮುಂಅಂಚನ್ನು ಮುಚ್ಚುತ್ತದೆ. ಎಗ್‌ಫ್ಲೈನ ಆ ಒಂದೇ ಚುಕ್ಕೆ ಆಗ ಮರೆ. ಚುಕ್ಕೆ ಕಾಣಲಿಲ್ಲ ಎಂಬುದಕ್ಕೂ ಚುಕ್ಕೆ ಇಲ್ಲ ಎಂಬುದಕ್ಕೂ ಅಂತರವಿದೆ. ಪ್ಲೇನ್ ಟೈಗರ್‌ನಲ್ಲೂ ಮೇಲಿನ ಚುಕ್ಕೆ ಹೀಗೆ ಮರೆಯಾಗಿ ಎರಡೇ ಕಾಣಬಹುದು. ಆದರೆ ನಡುಭಾಗದಲ್ಲಿ ಎರಡು ಕಂಡರೂ ಎಗ್‌ಫ್ಲೈ ಅಲ್ಲ ಎನ್ನಲು ಸಾಕು. ಅನುಮಾನವಿದ್ದರೆ ರೆಕ್ಕೆ ಮಡಚುವವರೆಗೆ ಕಾಯಿರಿ, ಅಡಿಭಾಗದಲ್ಲೂ ಇದೇ ಎಣಿಕೆ ನಡೆಯುತ್ತದೆ. ಎಗ್‌ಫ್ಲೈನ ರೆಕ್ಕೆಯ ಹೊರಅಂಚು ಪ್ಲೇನ್ ಟೈಗರ್‌ನದಕ್ಕಿಂತ ಹೆಚ್ಚು ಅಂಕುಡೊಂಕು. ಇದೂ ಎರಡನೇ ಸಾಕ್ಷಿಯಾಗಿ ಬರುತ್ತದೆ.

ಪ್ಲೇನ್ ಟೈಗರ್‌ಗೂ ರೂಪಗಳಿವೆ ಎಂಬುದನ್ನು ಮರೆಯುವಂತಿಲ್ಲ. ಡೊರಿಪ್ಪಸ್ ಎಂಬ ರೂಪದಲ್ಲಿ ಮುಂದಿನ ರೆಕ್ಕೆಯ ಕಪ್ಪು ತುದಿಯೇ ಇಲ್ಲ, ಆಲ್ಸಿಪ್ಪಸ್‌ನಲ್ಲಿ ಹಿಂದಿನ ರೆಕ್ಕೆ ಬೆಳ್ಳಗೆ. ಎಗ್‌ಫ್ಲೈ ಈ ರೂಪಗಳನ್ನೂ ಬೆನ್ನುಹತ್ತಿದೆ: ಕಪ್ಪು ತುದಿಯಿಲ್ಲದ ಹೆಣ್ಣು, ಬಿಳಿ ಹಿಂದಿನ ರೆಕ್ಕೆಯ ಹೆಣ್ಣು ಎರಡೂ ಅದರಲ್ಲಿವೆ. ಬಣ್ಣ ಹೇಗೇ ಬದಲಾದರೂ ಚುಕ್ಕೆಯ ಜಾಗ ಬದಲಾಗುವುದಿಲ್ಲ. ಎಗ್‌ಫ್ಲೈ ಗಂಡಿನ ವಿಷಯದಲ್ಲಿ ಈ ತಲೆನೋವೇ ಇಲ್ಲ. ಕಪ್ಪು ರೆಕ್ಕೆ, ಪ್ರತಿ ಬದಿಗೆ ಮೂರು ಬಿಳಿ ಮಚ್ಚೆ (ಮುಂದಿನ ರೆಕ್ಕೆಯಲ್ಲಿ ಎರಡು, ಹಿಂದಿನದರಲ್ಲಿ ಒಂದು), ಅವುಗಳ ಸುತ್ತ ನೇರಳೆ ಹೊಳಪು. ಆ ಹೊಳಪು ನೋಡುವ ಕೋನಕ್ಕೆ ತಕ್ಕಂತೆ ಬಂದು ಹೋಗುತ್ತದೆ. ಒಂದು ಚಿತ್ರದಲ್ಲಿ ಅದು ಇಲ್ಲದಿದ್ದರೆ ಬೇರೆ ಜಾತಿ ಎಂದುಕೊಳ್ಳಬೇಡಿ.

ಕಿತ್ತಳೆಯ ಮೇಲೆ ನರನರಕ್ಕೂ ದಪ್ಪ ಕಪ್ಪು ಬಳಿದಂತಿದ್ದರೆ ಅದು ಸ್ಟ್ರೈಪ್ಡ್ ಟೈಗರ್. ಹಿಂದಿನ ರೆಕ್ಕೆ ತುಂಬ ಕಪ್ಪು ಚುಕ್ಕೆ ಚೆಲ್ಲಿ, ಮುಂದಿನದರ ತುದಿ ಮಾತ್ರ ಕಪ್ಪು ಬಿಳಿಯಾಗಿದ್ದರೆ ಇಂಡಿಯನ್ ಫ್ರಿಟಿಲರಿಯ ಹೆಣ್ಣು.

ಇನ್ನೂ ಕೆಲವು ಜೋಡಿಗಳು

ಬ್ಲೂ ಟೈಗರ್ ಮತ್ತು ಡಾರ್ಕ್ ಬ್ಲೂ ಟೈಗರ್ ಒಂದೇ ಹಿಂಡಿನಲ್ಲಿ ಕೂಡಿ ಕೂರುವುದುಂಟು. ನೀಲಿ ಎಷ್ಟು ಗಾಢ ಎಂದು ತೂಗಲು ಹೋಗಬೇಡಿ, ಬೆಳಕಿಗೆ ತಕ್ಕಂತೆ ಅದು ಮೋಸಮಾಡುತ್ತದೆ. ತೆಳುನೀಲಿ ಪಟ್ಟೆಯ ಅಗಲವನ್ನು ಪಕ್ಕದ ಕಪ್ಪು ಜಾಗದ ಅಗಲದೊಂದಿಗೆ ಹೋಲಿಸಿ. ಬ್ಲೂ ಟೈಗರ್‌ನಲ್ಲಿ ಪಟ್ಟೆ ಅಗಲ, ಡಾರ್ಕ್ ಬ್ಲೂ ಟೈಗರ್‌ನಲ್ಲಿ ಸಪೂರ. ಮುಂದಿನ ರೆಕ್ಕೆಯ ಸೆಲ್‌ನೊಳಗಿನ ಪಟ್ಟೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಕಾಮನ್ ಕ್ರೋ ಮತ್ತು ಡಬಲ್‌ಬ್ರ್ಯಾಂಡೆಡ್ ಕ್ರೋ: ಎರಡೂ ಕಂದು, ಎರಡರ ಅಂಚಿಗೂ ಬಿಳಿ ಚುಕ್ಕೆ. ಗಂಡುಗಳಲ್ಲಿ ಮುಂದಿನ ರೆಕ್ಕೆಯ ಮೇಲ್ಭಾಗದಲ್ಲಿ, ಒಳಅಂಚಿಗೆ ಹತ್ತಿರದ ಜಾಗದಲ್ಲಿ ಗಂಧ ಸೂಸುವ ಹುರುಪೆಗಳ (ರೆಕ್ಕೆಯನ್ನು ಮುಚ್ಚಿರುವ ಪುಡಿಯಂಥ ಸಣ್ಣ ಚೂರುಗಳ) ಗೆರೆಯಿದೆ. ಮೊದಲನೆಯದರಲ್ಲಿ ಒಂದು, ಎರಡನೆಯದರಲ್ಲಿ ಎರಡು. ರೆಕ್ಕೆ ಬಿಚ್ಚಿದಾಗಲೇ ಇದು ಕಾಣುವುದು, ಮತ್ತು ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಸ್ಪಷ್ಟ. ಹೆಣ್ಣುಗಳಿಗೆ ಈ ಗೆರೆಯಿಲ್ಲ, ಆದ್ದರಿಂದ ಗೆರೆ ಕಾಣದ ಚಿಟ್ಟೆಯನ್ನು ಈ ಒಂದೇ ಆಧಾರದ ಮೇಲೆ ಯಾವ ಕಡೆಗೂ ಹಾಕುವಂತಿಲ್ಲ.

ಹುಲ್ಲಿನ ಮೇಲೆ ತಗ್ಗಿನಲ್ಲಿ ಹಾರುವ ಹಳದಿ ಚಿಟ್ಟೆಗಳು, ಗ್ರಾಸ್ ಯೆಲ್ಲೋಗಳು, ಹೊಸಬರನ್ನು ಸತಾಯಿಸುವಷ್ಟು ಬೇರೆ ಯಾವುವೂ ಸತಾಯಿಸಲಾರವು. ಕೂತರೆ ರೆಕ್ಕೆ ಮಡಚಿಯೇ ಕೂರುತ್ತವೆ, ಮೇಲ್ಭಾಗದ ಕಪ್ಪು ಅಂಚು ಹಾರುವಾಗ ಮಿಂಚಿ ಮರೆಯಾಗುತ್ತದೆ. ಮುಂದಿನ ರೆಕ್ಕೆಯ ಅಡಿಭಾಗದಲ್ಲಿ, ಸೆಲ್‌ನೊಳಗೆ ಇರುವ ಸಣ್ಣ ಕಂದು ಗುರುತುಗಳನ್ನು ಎಣಿಸಬೇಕು: ಕಾಮನ್ ಗ್ರಾಸ್ ಯೆಲ್ಲೋಗೆ ಎರಡು, ತ್ರೀ-ಸ್ಪಾಟ್‌ಗೆ ಮೂರು, ಒನ್-ಸ್ಪಾಟ್‌ಗೆ ಒಂದು. ಸೆಲ್ ಮುಗಿಯುವಲ್ಲಿರುವ ಗುರುತನ್ನು ಈ ಎಣಿಕೆಗೆ ಸೇರಿಸಬಾರದು. ಹೆಚ್ಚಿನ ತಪ್ಪು ಆಗುವುದೇ ಅಲ್ಲಿ, ಎರಡು ಇದ್ದದ್ದು ಮೂರಾಗಿಬಿಡುತ್ತದೆ. ಹಿಂದಿನ ರೆಕ್ಕೆ ಸೆಲ್‌ನ ಮೇಲೆ ಅಡ್ಡ ಬಂದಿದ್ದರೆ, ಮಕರಂದ ಹೀರುವಾಗ ಮುಂದಿನ ರೆಕ್ಕೆಯನ್ನು ಮೇಲೆತ್ತುವ ಗಳಿಗೆಗೆ ಕಾಯಬೇಕು. ಈ ಗುಂಪಿನಲ್ಲಿ ಒಂದೇ ಜಾತಿಯೊಳಗೂ ಏರುಪೇರು ಇರುವುದರಿಂದ ಎಡ, ಬಲ ಎರಡೂ ರೆಕ್ಕೆ ನೋಡಿ ಹೇಳುವುದು ಉತ್ತಮ.

ಮಳೆಗಾಲದ ಮುಖ, ಬೇಸಿಗೆಯ ಮುಖ

ಗುರುತಿನ ಜಾಗವೂ ಕೈಕೊಡುವ ಸಂದರ್ಭ ಒಂದಿದೆ: ಋತುರೂಪಗಳು. ಪೀಕಾಕ್ ಪ್ಯಾನ್ಸಿಯ ಅಡಿಭಾಗದಲ್ಲಿ ಮಳೆಗಾಲದಲ್ಲಿ ಕಣ್ಣಿನ ಬೊಟ್ಟುಗಳು ನಿಚ್ಚಳವಾಗಿರುತ್ತವೆ, ರೆಕ್ಕೆಯ ಅಂಚು ದುಂಡು. ಒಣ ಋತುವಿನಲ್ಲಿ ಹುಟ್ಟಿದ್ದರ ಅಡಿಭಾಗ ತರಗೆಲೆಯಂತೆ, ಬೊಟ್ಟುಗಳು ಅಳಿಸಿದಂತೆ, ಅಂಚು ಚೂಪು. ಮೇಲ್ಭಾಗದ ನವಿಲುಗಣ್ಣು ಮಾತ್ರ ಎರಡರಲ್ಲೂ ಉಳಿಯುತ್ತದೆ, ಆದ್ದರಿಂದ ಈ ಚಿಟ್ಟೆಯನ್ನು ಮೇಲ್ಭಾಗದಿಂದ ಗುರುತಿಸುವುದು ಸುರಕ್ಷಿತ. ಕಾಮನ್ ಈವ್ನಿಂಗ್ ಬ್ರೌನ್ ಹಗಲಲ್ಲಿ ರೆಕ್ಕೆ ಬಿಚ್ಚುವುದೇ ಅಪರೂಪ. ಅದರ ಒಣ ಋತುರೂಪದ ಅಡಿಭಾಗವಂತೂ ಒಂದರಂತೆ ಇನ್ನೊಂದಿಲ್ಲ. ಅಲ್ಲಿ ವಿನ್ಯಾಸ ಬಿಟ್ಟು ರೆಕ್ಕೆಯ ಆಕಾರ, ಹಿಂದಿನ ರೆಕ್ಕೆಯ ಮೊಂಡು ಬಾಲ, ಕೂತ ಜಾಗ ನೋಡಬೇಕು. ಕಾಮನ್ ಗ್ರಾಸ್ ಯೆಲ್ಲೋಗೆ ಮಳೆಗಾಲದಲ್ಲಿ ಮೇಲ್ಭಾಗದ ಕಪ್ಪು ಅಂಚು ಅಗಲ, ಒಣ ಋತುವಿನಲ್ಲಿ ಅಡಿಭಾಗದ ತುದಿಯ ಬಳಿ ಕಂದುಗೆಂಪು ಮಚ್ಚೆ ಮೂಡುತ್ತದೆ.

ಈ ಬದಲಾವಣೆ ಮರಿಹುಳುವಾಗಿದ್ದಾಗಲೇ ನಿಶ್ಚಯವಾಗುತ್ತದೆ. ಆಫ್ರಿಕಾದ ಬೈಸಿಕ್ಲಸ್ ಅನಿನಾನಾ ಎಂಬ ಚಿಟ್ಟೆಯ ಮರಿಗಳನ್ನು ಪ್ರಯೋಗಾಲಯದಲ್ಲಿ 17 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಕಿದರೆ ಸಣ್ಣ ಕಣ್ಣಿನ ಒಣ ಋತುರೂಪವೂ 27 ಡಿಗ್ರಿಯಲ್ಲಿ ಸಾಕಿದರೆ ದೊಡ್ಡ ಕಣ್ಣಿನ ಮಳೆಗಾಲದ ರೂಪವೂ ಹೊರಬರುತ್ತವೆ. ಅಂದರೆ ಋತು ಬದಲಾಗುವ ಹೊತ್ತಿನಲ್ಲಿ ನಡುವಣ ರೂಪಗಳೂ ಸಿಕ್ಕೇ ಸಿಗುತ್ತವೆ. ಚಿತ್ರದ ಜೊತೆ ತಿಂಗಳು ಬರೆದಿಡುವುದು ಇದಕ್ಕಾಗಿಯೇ.

ಸವೆತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ರೆಕ್ಕೆಯ ಬಣ್ಣವೆಲ್ಲ ಹುರುಪೆಗಳಲ್ಲಿದೆ, ಅವು ಉದುರಿದರೆ ಮತ್ತೆ ಬೆಳೆಯುವುದಿಲ್ಲ. ಮೊದಲು ಸವೆಯುವುದು ಅಂಚು, ಆದ್ದರಿಂದ ಹಳೆಯ ಚಿಟ್ಟೆಯಲ್ಲಿ ಅಂಚಿನ ಸಣ್ಣ ಚುಕ್ಕೆಗಳು ಕಾಣೆಯಾಗಿರುತ್ತವೆ. ಬಾಲ ಮುರಿದ ಸ್ವಾಲೋಟೇಲ್ ಬಾಲವಿಲ್ಲದ ಜಾತಿಯಂತೆ ತೋರುತ್ತದೆ. ಎರಡೂ ಬದಿಯಲ್ಲಿ ಒಂದೇ ಆಕಾರದ ತುಂಡು ಹೋಗಿದ್ದರೆ ಅದು ಆಕಾರವಲ್ಲ, ಮಡಚಿದ ರೆಕ್ಕೆಗಳನ್ನು ಹಕ್ಕಿ ಒಟ್ಟಿಗೆ ಕಚ್ಚಿದ ಗುರುತು. 4ನೇ ನರ ಅಂಚು ಮುಟ್ಟುವಲ್ಲಿ ಹರಿದ ಮೊಟಕು ಇದೆಯೇ ಎಂದು ನೋಡಿದರೆ ಬಾಲ ಇತ್ತೋ ಇಲ್ಲವೋ ತಿಳಿಯುತ್ತದೆ.

ಚಿತ್ರ ತೆಗೆಯುವಾಗ

ಗುರುತಿಸಲು ಬೇಕಾದ ಚಿತ್ರ ಬೇರೆ, ಚೆಂದದ ಚಿತ್ರ ಬೇರೆ. ಮೊದಲನೆಯದಕ್ಕೆ ಕ್ಯಾಮೆರಾದ ಮುಖ ರೆಕ್ಕೆಯ ಹರವಿಗೆ ಸಮಾನಾಂತರವಾಗಿರಬೇಕು. ಓರೆಯಾಗಿ ತೆಗೆದರೆ ಪಟ್ಟೆಗಳ ಅಗಲ ಕುಗ್ಗುತ್ತದೆ, ಬ್ಲೂ ಟೈಗರ್ ಡಾರ್ಕ್ ಬ್ಲೂ ಟೈಗರ್ ಆಗಿಬಿಡುತ್ತದೆ. ದೂರದಿಂದಲೇ ಒಂದು ಚಿತ್ರ ತೆಗೆದುಕೊಂಡು ಆಮೇಲೆ ಹತ್ತಿರ ಹೋಗಿ. ಹಾರಿಹೋದರೂ ಕೈಯಲ್ಲಿ ಏನೋ ಒಂದು ಉಳಿದಿರುತ್ತದೆ. ನಿಮ್ಮ ನೆರಳು ಅದರ ಮೇಲೆ ಬೀಳದಂತೆ, ತಗ್ಗಿ, ನಿಧಾನವಾಗಿ ಸಾಗಿ. ಬೆಳಗಿನ ಬಿಸಿಲು ಕಾಯುವ ಹೊತ್ತಿನಲ್ಲಿ ರೆಕ್ಕೆ ಬಿಚ್ಚಿ ಕೂರುವ ಜಾತಿಗಳ ಮೇಲ್ಭಾಗ ಸುಲಭವಾಗಿ ಸಿಗುತ್ತದೆ.

ಕ್ಯಾಮೆರಾದಲ್ಲಿ ಶಟರ್ ವೇಗ ಸೆಕೆಂಡಿನ 1/500 ಅಥವಾ ಅದಕ್ಕಿಂತ ಚುರುಕು, ಅಪರ್ಚರ್ ಎಫ್8ರ ಆಸುಪಾಸು. ಎಫ್2.8ರಲ್ಲಿ ತೆಗೆದರೆ ಹಿನ್ನೆಲೆ ಕರಗಿ ಸೊಗಸಾಗುತ್ತದೆ, ಜೊತೆಗೆ ರೆಕ್ಕೆಯ ಅರ್ಧವೂ ಕರಗುತ್ತದೆ. ಮೊಬೈಲ್‌ನಲ್ಲಾದರೆ ಲೆನ್ಸ್ ಮೂಗಿನ ತನಕ ಒಯ್ಯುವ ಬದಲು ಎರಡು ಪಟ್ಟು ಜೂಮ್ ಮಾಡಿ ಸ್ವಲ್ಪ ದೂರದಲ್ಲೇ ನಿಲ್ಲಿ. ಬಿಳಿ ಮಚ್ಚೆ ಬೆಳಕಿಗೆ ಸುಟ್ಟುಹೋಗದಂತೆ ಎಕ್ಸ್‌ಪೋಷರ್ ಒಂದಿಷ್ಟು ಇಳಿಸುವುದು ಒಳ್ಳೆಯದು, ಕಪ್ಪನ್ನು ಆಮೇಲೆ ಬೆಳಗಿಸಿಕೊಳ್ಳಬಹುದು. ಸುಟ್ಟ ಬಿಳಿಯಲ್ಲಿ ನರಗಳ ಗೆರೆ ವಾಪಸು ಬಾರದು.

ಮೇಲ್ಭಾಗ, ಅಡಿಭಾಗ, ಪಕ್ಕದಿಂದ ಮೈ ಮತ್ತು ಕಾಲು, ಕೂತ ಗಿಡ: ನಾಲ್ಕೂ ಸಿಕ್ಕರೆ ಬಹುತೇಕ ಜಾತಿಗಳು ಬಗೆಹರಿಯುತ್ತವೆ. ಒಂದೇ ಸಿಗುವುದಾದರೆ ಅಡಿಭಾಗವನ್ನು ಆರಿಸಿ, ಅದರಲ್ಲಿ ಮೈಯೂ ಕಾಲೂ ಒಟ್ಟಿಗೆ ಬರುತ್ತವೆ. ಹಿಡಿದು ನೋಡುವ ಅಗತ್ಯವಿಲ್ಲ. ಬೆರಳು ತಾಕಿದರೆ ಹುರುಪೆ ಉದುರುತ್ತದೆ, ಕೆಲವು ಜಾತಿಗಳನ್ನು ಹಿಡಿಯುವುದಕ್ಕೆ ಕಾನೂನಿನ ತಡೆಯೂ ಇದೆ.

ತೀರ್ಮಾನ ಬರೆಯುವ ಕ್ರಮ

ಮೊಬೈಲ್ ಆ್ಯಪ್‌ಗಳು ಚಿತ್ರ ನೋಡಿ ಹೆಸರು ಸೂಚಿಸುತ್ತವೆ. ಅನುಕರಿಸುವ ಜಾತಿಗಳ ವಿಷಯದಲ್ಲಿ ಅವೂ ಹಕ್ಕಿಗಳಂತೆಯೇ ಮೋಸಹೋಗಬಲ್ಲವು. ಸೂಚನೆ ಬಂದಮೇಲೆ ಅದನ್ನು ಒಪ್ಪುವ ಮೊದಲು ಆ ಜಾತಿಯಂತೆಯೇ ಕಾಣುವ ಇನ್ನೊಂದು ಯಾವುದು ಎಂದು ಹುಡುಕಿ, ಎರಡನ್ನೂ ಬೇರ್ಪಡಿಸುವ ಗುರುತು ನಿಮ್ಮ ಚಿತ್ರದಲ್ಲಿ ಕಾಣುತ್ತಿದೆಯೇ ಎಂದು ನೋಡಿ. ಆ ಜಾತಿ ನೀವಿರುವ ಪ್ರದೇಶದಲ್ಲಿ ದಾಖಲಾಗಿದೆಯೇ ಎಂಬುದನ್ನೂ ಪರೀಕ್ಷಿಸಿ. ರೋಮ್ಯುಲಸ್ ರೂಪ ಸಾಮಾನ್ಯವಾಗಿ ಸಿಗುವುದು ಕ್ರಿಮ್ಸನ್ ರೋಸ್ ಇರುವ ಕಡೆ. ನಕಲು ಮಾಡಲು ಅಸಲು ಇಲ್ಲದ ಕಡೆ ವೇಷಕ್ಕೆ ಬೆಲೆಯಿಲ್ಲವಲ್ಲ.

ಟಿಪ್ಪಣಿಯಲ್ಲಿ ದಿನಾಂಕ, ಜಾಗ, ಸಮುದ್ರಮಟ್ಟದಿಂದ ಎತ್ತರ, ಗಿಡ, ಗಂಡೋ ಹೆಣ್ಣೋ, ಯಾವ ರೂಪ ಎಂಬುದನ್ನು ಬರೆಯಿರಿ. ಹೆಸರಿನ ಪಕ್ಕದಲ್ಲೇ ಯಾವ ಎರಡು ಗುರುತಿನ ಮೇಲೆ ಆ ಹೆಸರು ಕೊಟ್ಟಿರಿ ಎಂದೂ ಇರಲಿ: "ಕಾಮನ್ ಮಾರ್ಮನ್, ಹೆಣ್ಣು, ಸ್ಟಿಕಿಯಸ್ ರೂಪ, ಹಿಂದಿನ ರೆಕ್ಕೆಯ ನಡುವೆ ಬಿಳಿ, ಹೊಟ್ಟೆ ಪೂರ್ತಿ ಕಪ್ಪು." ಒಂದೇ ಗುರುತು ಸಿಕ್ಕಿದ್ದರೆ ಕುಲದ ಹೆಸರಿಗೇ ನಿಲ್ಲಿಸಿ. ಗ್ರಾಸ್ ಯೆಲ್ಲೋಗಳಲ್ಲಿ ಬಹಳ ಸಲ "ಯುರೀಮಾ, ಜಾತಿ ಖಚಿತವಿಲ್ಲ" ಎಂದು ಬರೆಯಬೇಕಾಗುತ್ತದೆ, ಅದು ಸರಿಯಾದ ದಾಖಲೆಯೇ. ಅಲ್ಲಿ ಊಹೆಯಿಂದ ಹಾಕಿದ ಜಾತಿಯ ಹೆಸರನ್ನು ಆಮೇಲೆ ಯಾರೂ ಅಳಿಸಲು ಬರುವುದಿಲ್ಲ, ಆ ಜಾತಿ ಎಲ್ಲೆಲ್ಲಿ ಸಿಗುತ್ತದೆ ಎಂದು ತೋರಿಸುವ ನಕ್ಷೆಯಲ್ಲಿ ತಪ್ಪು ಚುಕ್ಕೆಯಾಗಿ ಹಾಗೆಯೇ ಉಳಿಯುತ್ತದೆ.